ಅರ್ಧ ಆಳು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕೊಂಕಕ್ಕ ಎನ್ನುತ್ತಿದ್ದರು. ಬೆನ್ನ ಹಿಂದಲ್ಲ, ಎದುರಿಗೇ. ಅದಕ್ಕೆ ಓಗೊಟ್ಟೂ ಓಗೊಟ್ಟೂ, ಮನೆಯಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಒಂದು ಗಳಿಗೆ ತಡವಾಗಿ ತಿರುಗುವಂತಾಗಿತ್ತು. ಸಾಫ್ಟ್‌ವೇರ್ ಮಾಡುವ ಆ ಕಂಪನಿಯಲ್ಲಿ ಅವಳ ಕೆಲಸವೆಂದರೆ, ಹೊಸ ಕೆಲಸವೊಂದರ ಯೋಜನೆಯನ್ನು ಓದಿ, ಇದು ಹೇಳಿದ ದಿನಕ್ಕೆ ಮುಗಿಯುತ್ತದೋ ಇಲ್ಲವೋ ನೋಡಿ, ಕೆಳಗೆ ಸಹಿ ಹಾಕುವುದು. ಇಪ್ಪತ್ತೊಂದು ವರ್ಷದಲ್ಲಿ ಅವಳಿಗೆ ಯೋಜನೆಗಳ ಮುಖಲಕ್ಷಣ ಕರತಲಾಮಲಕವಾಗಿತ್ತು. ತೊಂಬತ್ತು ಪರ್ಸೆಂಟ್ ಮುಗಿದಿದೆ ಎಂದು ಮೂರು ವಾರದಿಂದ ಹೇಳುತ್ತಿದ್ದಾರೆಂದರೆ ಅರ್ಧವೂ ಆಗಿಲ್ಲ. ಪರೀಕ್ಷಿಸಿ ನೋಡಲೆಂದು ಇಟ್ಟ ಎರಡು ವಾರ, ಹಿಂದಿನವರ ತಡವನ್ನೆಲ್ಲ ತುಂಬಿಕೊಡಲು ಹೋಗಿ ನಾಲ್ಕು ದಿನಕ್ಕಿಳಿದಿದ್ದರೆ ಅದು ಪರೀಕ್ಷೆಯಲ್ಲ, ಕಣ್ಣೊರೆಸುವ ತಂತ್ರ. ಇಡೀ ಪಟ್ಟಿಯಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಯಾರ ಮಗುವೂ ವಾಂತಿ ಮಾಡಿಕೊಳ್ಳುವುದಿಲ್ಲ ಎಂದಿದ್ದರೆ, ಅದನ್ನು ಬರೆದವನಿಗೆ ಮನೆಮಠ ಇಲ್ಲ.

ಇದನ್ನೆಲ್ಲ ಅವಳು ಹೇಳುತ್ತಲೇ ಬಂದಿದ್ದಳು. ಕೆಲಸ ಕೆಟ್ಟ ಮೇಲೆ ನೀವು ಹೇಳಿದ್ದೇ ನಿಜವಾಯಿತು ಎಂದವರಿಲ್ಲ. ನೀವು ಅಪಶಕುನ ನುಡಿದದ್ದಕ್ಕೇ ಹೀಗಾಯಿತು ಎಂದವರುಂಟು.

"ಎಲ್ಲದಕ್ಕೂ ಆಗಲ್ಲ ಅನ್ನೋದಕ್ಕೆ ಸಂಬಳ ಕೊಡ್ತಾರೇನೇ?" ಎಂದು ಅತ್ತೆ ಒಮ್ಮೆ ನಿಜವಾದ ಕುತೂಹಲದಿಂದ ಕೇಳಿದ್ದರು.

"ಹೇಳೋದಕ್ಕೆ ಕೊಡ್ತಾರೆ ಅತ್ತೆ. ನನ್ನ ಮಾತು ಕೇಳೋರು ಮಾತ್ರ ಯಾರೂ ಇಲ್ಲ."

"ಹಾಗಾದ್ರೆ ಈ ಮನೇಲಿ ನನಗೂ ಇಷ್ಟು ಹೊತ್ತಿಗೆ ಸಂಬಳ ಬರಬೇಕಿತ್ತು."

ಆ ಸೋಮವಾರ ಬಂದದ್ದು ಆಸ್ಪತ್ರೆಯೊಂದರ ಯೋಜನೆ. ರೋಗಿಗಳ ದಾಖಲೆಗಳನ್ನೆಲ್ಲ ಹಳೆಯ ಸಾಫ್ಟ್‌ವೇರಿನಿಂದ ಹೊಸದಕ್ಕೆ ಸಾಗಿಸಬೇಕು. ಇಪ್ಪತ್ತು ವಾರ, ನಲವತ್ತು ಸಾಲು. ಯೋಜನೆ ಓದುವುದಕ್ಕೆ ಅವಳದೇ ಒಂದು ಕ್ರಮವಿತ್ತು: ಪರದೆಯ ಮೇಲೆ ಕೆಲಸಗಳ ಕಾಲಮ್ಮನ್ನು ಅಂಗೈಯಿಂದ ಮುಚ್ಚಿ, ಮೊದಲು ಹೆಸರುಗಳನ್ನಷ್ಟೇ ಓದುವುದು. ಹತ್ತೊಂಬತ್ತು ಸಾಲಿನಲ್ಲಿ ಒಂದೇ ಹೆಸರಿತ್ತು. ಕಿಟಕಿ ಪಕ್ಕ ಕೂರುವ, ಹಳೆಯ ಸಾಫ್ಟ್‌ವೇರಿನ ಒಳಹೊರಗು ಬಲ್ಲ ಒಬ್ಬಳೇ ಹುಡುಗಿ. ಈಗ ಆರು ತಿಂಗಳ ಬಸುರಿ. ಹನ್ನೆರಡನೇ ವಾರದವರೆಗೆ ಆ ಹೆಸರಿನ ಮುಂದೆ ಒಂದು ಎಂದಿತ್ತು, ಅಂದರೆ ಒಂದು ಪೂರ್ತಿ ಆಳು. ಹೆರಿಗೆ ರಜೆ ಶುರುವಾಗಬೇಕಾದ ಹದಿಮೂರರಿಂದ ಸೊನ್ನೆ ಬಿಂದು ಐದು.

ಕೊಂಕಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಅವಳ ಮಗಳು ಹುಟ್ಟಿ ಹನ್ನೊಂದನೇ ದಿನಕ್ಕೆ ಆಫೀಸಿನಿಂದ ಫೋನು ಬಂದಿತ್ತು. ದಿಂಬಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಅತ್ತೂ ಅತ್ತೂ ಕೆಂಪಾದ ಕೂಸು. ಒಂದೇ ನಿಮಿಷ ಚಿನ್ನ, ಒಂದೇ ನಿಮಿಷ ಎನ್ನುತ್ತ ತಿಂಗಳು ಕಳೆದು, ಹಾಲು ಬತ್ತಿತು. ಅದಕ್ಕೇ ಬತ್ತಿತೋ, ತಾನಾಗಿ ಬತ್ತಿತೋ, ಯಾವ ಡಾಕ್ಟರೂ ಹೇಳಲಿಲ್ಲ. ಅವಳಿಗಂತೂ ಇವತ್ತಿಗೂ ಅನುಮಾನ.

ಎದ್ದು ಮ್ಯಾನೇಜರನ ಕೋಣೆಗೆ ಹೋದಳು. ಅವನು ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಕೆಟ್ಟವನಲ್ಲ, ಸದಾ ನಿದ್ದೆಗೆಟ್ಟವನು.

"ನೋಡಪ್ಪ, ಹದಿಮೂರನೇ ವಾರದಿಂದ ಅವಳನ್ನ ಅರ್ಧ ಆಳು ಅಂತ ಬರೆದಿದ್ದೀಯಲ್ಲ, ಅದು ಯಾವ ಅರ್ಧ? ಮಗು ಎತ್ಕೊಳ್ಳೋ ಅರ್ಧವೋ, ನಿದ್ದೆ ಮಾಡೋ ಅರ್ಧವೋ?"

"ಮನೆಯಿಂದಲೇ ಅಕ್ಕ. ದಿನಕ್ಕೆ ಮೂರ್ನಾಲ್ಕು ಗಂಟೆ. ಅವಳೇ ಒಪ್ಪಿದ್ದಾಳೆ."

"ಚೊಚ್ಚಲು ಹೆರಿಗೆ. ಅವಳಿಗೇನು ಗೊತ್ತು ಒಪ್ಪೋದಕ್ಕೆ?"

"ತಾರೀಖು ಶಿಲಾಶಾಸನ ಅಕ್ಕ, ಆಸ್ಪತ್ರೆಯವರದ್ದು. ಸಂಜೆ ಒಳಗೆ ಸಹಿ ಬೇಕು." ಆಮೇಲೆ ಅವಳ ಮುಖ ನೋಡದೆ ಅಂದ, "ನೀವು ಹಾಕದಿದ್ರೆ ಬೇರೆಯವರ ಹತ್ರ ಹಾಕಿಸ್ತಾರೆ. ನಿಮಗೂ ಗೊತ್ತು."

ಗೊತ್ತಿತ್ತು. ಹಿಂದೆ ಎರಡು ಸಲ ಹಾಗೇ ಆಗಿತ್ತು. ಸಹಿ ಗೀಚಿ ಮನೆಗೆ ಹೋಗಿ ಕಾಲು ಚಾಚಿದರೆ ಸಾಕು ಎನ್ನಿಸಿದ್ದೂ ಸುಳ್ಳಲ್ಲ.

ಕಿಟಕಿ ಪಕ್ಕದ ಹುಡುಗಿ ಬೋರಲು ಹಾಕಿದ ರಟ್ಟಿನ ಡಬ್ಬದ ಮೇಲೆ ಊದಿದ ಪಾದಗಳನ್ನಿಟ್ಟು ಕೂತಿದ್ದಳು.

"ಒಪ್ಪಿದ್ಯಂತೆ?"

"ಒಪ್ಪದೆ ಏನ್ಮಾಡ್ಲಿ ಅಕ್ಕ? ಆಗಲ್ಲ ಅಂದ್ರೆ, ವಾಪಸ್ ಬರೋವಾಗ ನನಗೆ ಇಲ್ಲಿ ಕೆಲಸ ಇರತ್ತಾ? ಮಗು ಮಲಗಿದ್ದಾಗ ಮಾಡಿದ್ರಾಯ್ತು. ಕೂಸುಗಳು ದಿನಕ್ಕೆ ಹದಿನಾರು ಗಂಟೆ ಮಲಗ್ತವಂತೆ."

"ಅದೂ ಒಂದು ಯೋಜನೇನೇ ಕಣೇ. ಯಾರೋ ಹೆರದವರು ಬರೆದಿದ್ದು."

ಹುಡುಗಿ ನಗಲು ಹೋದಳು. ನಗು ಅರ್ಧಕ್ಕೆ ನಿಂತು ಕಣ್ಣು ತುಂಬಿತು.

ಕೊಂಕಕ್ಕ ಮೆಟ್ಟಿಲಿಳಿದು, ಆಸ್ಪತ್ರೆಯವರೊಂದಿಗೆ ಮೊದಲು ಮಾತಾಡಿ ಬಂದಿದ್ದ ಮಾರಾಟ ವಿಭಾಗದವನ ಹತ್ತಿರ ಹೋದಳು. ಆ ತಾರೀಖು ಯಾರು ಹೇಳಿದ್ದು ಎಂದಳು. ಆಸ್ಪತ್ರೆಯವರೇ ಇರಬೇಕು ಎಂದ. ಇರಬೇಕೋ, ಹೌದೋ? ಅವನು ತಲೆ ಕೆರೆದುಕೊಂಡ. "ಫಾರ್ಮಿನಲ್ಲಿ ತಾರೀಖಿನ ಜಾಗ ಖಾಲಿ ಬಿಡೋ ಹಾಗಿರಲಿಲ್ಲ ಮೇಡಂ. ಒಂದು ಅಂದಾಜು ಹಾಕಿದ್ದೆ ಅನ್ಸತ್ತೆ."

ಮತ್ತೆ ಮೇಲೆ ಬಂದು, ಮ್ಯಾನೇಜರನ ಮೇಜಿನಿಂದಲೇ, ಅವನಿಗೂ ಕೇಳುವಂತೆ ಸ್ಪೀಕರ್ ಹಾಕಿ, ಆಸ್ಪತ್ರೆಯ ದಾಖಲೆ ವಿಭಾಗದ ಮುಖ್ಯಸ್ಥೆಗೆ ಫೋನು ಮಾಡಿದಳು.

"ಆ ತಾರೀಖಾ?" ಎಂದಿತು ಅತ್ತಲಿನ ದನಿ. "ಅದು ನೀವೇ ಕಳಿಸಿದ್ದಲ್ವೇನ್ರಿ? ನಿಜ ಹೇಳಬೇಕಂದ್ರೆ ಆಗ ನಮ್ಮಲ್ಲಿ ಅರ್ಧ ಜನ ರಜಾ. ನೀವು ಹಟ ಹಿಡಿದಿದ್ದೀರಿ ಅಂತ ನಾವು ಸುಮ್ಮನಾದ್ವಿ."

"ನಾಲ್ಕು ತಿಂಗಳು ಮುಂದೆ ಹಾಕಿದ್ರೆ?"

"ಒಬ್ಬ ರೋಗಿದೂ ದಾಖಲೆ ಕಳೆದುಹೋಗದಿದ್ರೆ ಆರು ತಿಂಗಳಾದ್ರೂ ಆಗ್ಲಿ."

ಅವಳು ಫೋನಿಟ್ಟಳು. ಯಾರಿಗೂ ಬೇಡದ ತಾರೀಖೊಂದು ಮೂರು ಮಹಡಿ ಹತ್ತಿ ಇಳಿದು, ಹುಟ್ಟದ ಮಗುವಿನ ತೊಟ್ಟಿಲವರೆಗೆ ಹೋಗಿ ನಿಂತಿತ್ತು.

"ಮೇಲಿನವರಿಗೆ ನಾನೇನು ಹೇಳ್ಲಿ?" ಎಂದ ಮ್ಯಾನೇಜರ್.

"ಕೊಂಕಕ್ಕ ಕೊಂಕು ತೆಗೆದಳು ಅನ್ನು. ನಂಬ್ತಾರೆ."

ಅವನು ಅವಳ ಎದುರಿಗೇ ತಾರೀಖು ತಿದ್ದಿದ, ಹದಿಮೂರನೇ ವಾರದಿಂದ ಆ ಹೆಸರು ಅಳಿಸಿದ. ಅವಳು ಸಹಿ ಹಾಕಿದಳು. ಗೆದ್ದೆ ಎನ್ನಿಸಲಿಲ್ಲ, ಮೊಣಕಾಲು ನೋಯುತ್ತಿದೆ ಎನ್ನಿಸಿತು.

ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತು ವಿಷಯ ಹೇಳಿದಳು. "ನಿನ್ನ ರಜಾ ಪೂರ್ತಿ ನಿನ್ನದು. ಆದ್ರೆ ಈ ಹನ್ನೆರಡು ವಾರದಲ್ಲಿ ನಿನಗೆ ಗೊತ್ತಿರೋದನ್ನ ಇನ್ನಿಬ್ಬರಿಗಾದ್ರೂ ಕಲಿಸಬೇಕು. ಒಬ್ಬರನ್ನೇ ನಂಬಿ ಕೂರೋದು ಇನ್ನು ಬೇಡ."

ಹುಡುಗಿಯ ಮುಖ ಅರಳಿ, ಹಾಗೇ ಬಾಡಿತು. "ಎಲ್ಲಾ ಕಲಿಸಿಬಿಟ್ರೆ, ಆಮೇಲೆ ನಾನ್ಯಾಕೆ ಬೇಕು ಅಕ್ಕ ಇವರಿಗೆ?"

ಎಲ್ಲ ಸರಿಹೋಗತ್ತೆ ಬಿಡೇ ಎನ್ನುವ ಮಾತು ಕೊಂಕಕ್ಕನ ನಾಲಿಗೆಯ ತುದಿಯವರೆಗೆ ಬಂತು. ಇಪ್ಪತ್ತೊಂದು ವರ್ಷ ಆ ಮಾತಿನ ಕೆಳಗೆ ಸಹಿ ಹಾಕದವಳು ಅದನ್ನು ನುಂಗಿಕೊಂಡಳು.

"ಗೊತ್ತಿಲ್ಲ ಕಣೇ. ಸುಳ್ಳು ಹೇಳಲ್ಲ. ನೀನು ವಾಪಸ್ ಬಂದ ದಿನ ನಾನು ಇನ್ನೂ ಇಲ್ಲೇ ಇದ್ರೆ, ಬೇಕು ಅಂತ ಹೇಳೋಕೆ ಒಂದು ಬಾಯಿ ಇರತ್ತೆ."

ಹುಡುಗಿ ಡಬ್ಬದ ಮೇಲಿಂದ ಪಾದಗಳನ್ನಿಳಿಸಿದಳು. ಆಮೇಲೆ ಪರದೆಯನ್ನು ಕೊಂಕಕ್ಕನಿಗೂ ಕಾಣುವಂತೆ ತಿರುಗಿಸಿ, "ಹಳೇ ಸಾಫ್ಟ್‌ವೇರಲ್ಲಿ ಒಬ್ಬ ರೋಗಿಗೆ ಎರಡು ನಂಬರ್ ಇರತ್ತೆ," ಎಂದು ಕಲಿಸಲು ಶುರು ಮಾಡಿದಳು. "ಗೊಂದಲ ಅಲ್ಲಿಂದಲೇ."