ಕಂಡೆನ್ಸರ್ ಇಲ್ಲದ ಫ್ಯಾನು

ದಟ್ಟಗಳ್ಳಿಯ ಎಲೆಕ್ಟ್ರಿಷಿಯನ್ ಸಿದ್ದಲಿಂಗಸ್ವಾಮಿಗೆ ಒಂದು ಅಭ್ಯಾಸ. ಯಾರ ಮನೆಯಲ್ಲೇ ಫ್ಯಾನ್ ಹಾಕಲಿ, ಸ್ವಿಚ್ ಒತ್ತಿ ಅದರ ಕೆಳಗೆ ಕಣ್ಣು ಮುಚ್ಚಿ ನಿಲ್ಲಬೇಕು. ಬೋಳುತಲೆಗೆ ಗಾಳಿ ತಾಗಿದರೆ ಕೆಲಸ ಮುಗಿಯಿತು. ಬಡಾವಣೆಯ ಅರ್ಧ ಮನೆಗಳಲ್ಲಿ ಅವನು ಹಾಕಿದ ಫ್ಯಾನುಗಳೇ ತಿರುಗುತ್ತಿದ್ದವು. ಅದನ್ನು ಹೇಳಿಕೊಳ್ಳುವುದರಲ್ಲಿ ಅವನೇನೂ ಹಿಂದೆ ಬಿದ್ದವನಲ್ಲ.

ಕುವೆಂಪುನಗರದ ಪವಮಾನ ಹಳೆಯ ಟೆಂಪೋ ಒಂದನ್ನು ಕ್ಯಾರವಾನ್ ಮಾಡಿಸಿದ್ದ. ಒಳಗೆ ಮಂಚ, ಒಲೆ, ಸಿಂಕು ಎಲ್ಲ ಇತ್ತು; ಚಾವಣಿಗೆ ಬ್ಯಾಟರಿಯಲ್ಲಿ ಓಡುವ ಹನ್ನೆರಡು ವೋಲ್ಟಿನ ಪುಟ್ಟ ಫ್ಯಾನೊಂದು ಬೇಕಿತ್ತು. ಸ್ವಾಮಿ ಅಲ್ಲಿಯವರೆಗೆ ಗಾಡಿಯ ವೈರಿಂಗ್ ಮುಟ್ಟಿದವನಲ್ಲ. ಆದರೆ ಗೊತ್ತಿಲ್ಲ ಎನ್ನಲು ಬಾಯಿ ಬರಬೇಕಲ್ಲ!

"ಮನೆಗಳಿಗೇ ಹಾಕೋನಿಗೆ ಇದೇನ್ ಮಹಾ, ಬುಡಿ ಸಾರ್," ಎಂದುಬಿಟ್ಟ.

ಲಕ್ಷ್ಮೀಪುರಂನಲ್ಲಿ ಚನ್ನಬಸವಯ್ಯನವರ ಎಲೆಕ್ಟ್ರಿಕಲ್ ಅಂಗಡಿಗೆ ಅವನು ಹಳೆಯ ಗಿರಾಕಿ. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ನಿಶ್ಚಿತಾ ಫ್ಯಾನನ್ನು ಹುಡುಕಿ ಕೊಟ್ಟಳು. ಸ್ವಾಮಿ ಅದನ್ನು ತಂದು ಚಾವಣಿಗೆ ಕೂರಿಸಿ, ಎರಡು ವೈರು ಜೋಡಿಸಿ, ಸ್ವಿಚ್ ಒತ್ತಿದ. ನಿಲ್ಲಲು ಎತ್ತರ ಸಾಲದೆ ಮಂಚದ ಮೇಲೆ ಕುಳಿತು ಕಣ್ಣು ಮುಚ್ಚಿದ. ತಲೆಗೆ ಗಾಳಿಯೇ ಇಲ್ಲ. ಫ್ಯಾನ್ ಉಲ್ಟಾ ತಿರುಗುತ್ತಿತ್ತು.

ಮನೆಯ ಫ್ಯಾನ್ ಹಾಗೆ ತಿರುಗಿದರೆ ಕಂಡೆನ್ಸರಿನ ವೈರು ಬದಲಾಯಿಸಬೇಕು. ಬಿಚ್ಚಿ ನೋಡಿದರೆ ಒಳಗೆ ಕಂಡೆನ್ಸರೇ ಇಲ್ಲ! ಪಕ್ಕದಲ್ಲೇ ನಿಂತಿದ್ದ ಪವಮಾನನಿಗೆ, "ಅರ್ಧಂಬರ್ಧ ಮಾಲು ಕೊಟ್ಟವ್ಳೆ ಸಾರ್," ಎಂದು ಹೇಳಿ ಸ್ಕೂಟರ್ ಹತ್ತಿದ.

"ಏನಮ್ಮ, ಕಂಡೆನ್ಸರ್ ಇಲ್ದಿರೋ ಫ್ಯಾನ್ ಕೊಡ್ತೀಯಾ? ಯಾರ್ ತಂದು ನಿಲ್ಲಿಸಿದ್ದು ನಿನ್ನ ಇಲ್ಲಿ?" ಅವನ ಕೂಗು ಬೀದಿಗೆ ಕೇಳಿಸಿತು.

"ಡಬ್ಬದಲ್ಲಿ ಇದ್ದಿದ್ದನ್ನೇ ಕೊಟ್ಟಿದ್ದು ಸರ್," ಎಂದಳು ನಿಶ್ಚಿತಾ.

ಚನ್ನಬಸವಯ್ಯನವರು ಫ್ಯಾನ್ ಮಾರಿದವರೇ ಹೊರತು ಬಿಚ್ಚಿ ನೋಡಿದವರಲ್ಲ. ತುಂಬಿದ ಅಂಗಡಿಯಲ್ಲಿ ಹಳೆಯ ಗಿರಾಕಿ ಹೀಗೆ ಕೂಗಿದ್ದು ಅವರಿಗೆ ಅವಮಾನವಾಯಿತು. "ನಾಳೆಯಿಂದ ನೀನು ಬರೋದ್ ಬೇಡ ಕಣಮ್ಮ," ಎಂದು ಎಲ್ಲರೆದುರಿಗೇ ಹೇಳಿದರು. ಹುಡುಗಿಯ ಕಣ್ಣು ತುಂಬಿತು. ಸ್ವಾಮಿ ಇನ್ನೊಂದು ಫ್ಯಾನ್ ತೆಗೆದುಕೊಂಡು ಗತ್ತಿನಿಂದ ಹೊರಟ.

ಆ ಫ್ಯಾನೂ ಉಲ್ಟಾ ತಿರುಗಿತು.

ಸ್ವಾಮಿ ಮಂಚದ ಮೇಲೆ ಕುಸಿದು ಕೂತ. ಮನೆಯ ಕರೆಂಟಿಗೆ ಎರಡು ವೈರನ್ನು ಹೇಗೆ ಕೊಟ್ಟರೂ ಫ್ಯಾನ್ ಒಂದೇ ಕಡೆ ತಿರುಗುತ್ತದೆ. ಆ ರೂಢಿಯಲ್ಲೇ ಇಲ್ಲಿಯೂ ಕೈಗೆ ಸಿಕ್ಕಂತೆ ಕೊಟ್ಟಿದ್ದ. ಆದರೆ ಇದು ಬ್ಯಾಟರಿ ಫ್ಯಾನು; ಇದಕ್ಕೆ ಕಂಡೆನ್ಸರ್ ಬೇಕಿಲ್ಲ, ವೈರು ಅದಲುಬದಲಾದರೆ ಉಲ್ಟಾ ತಿರುಗುತ್ತದೆ. ಟಾರ್ಚಿಗೆ ಸೆಲ್ ಹಾಕುವಾಗ ಪ್ಲಸ್ಸು ಮೈನಸ್ಸು ನೋಡುವವನಿಗೆ ಇದು ಹೊಳೆಯಲಿಲ್ಲವಲ್ಲ! ವೈರುಗಳನ್ನು ಅದಲುಬದಲು ಮಾಡಿದ. ತಲೆಯ ಮೇಲೆ ತಣ್ಣನೆ ಗಾಳಿ ಬಿತ್ತು. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗಿ ಅವನು ಪಕ್ಕಕ್ಕೆ ಸರಿದ.

"ಸೂಪರ್ ಸ್ವಾಮಿ! ನೀವು ಹೋಗಿ ಗಲಾಟೆ ಮಾಡಿದ್ದೇ ಒಳ್ಳೇದಾಯ್ತು," ಎಂದ ಪವಮಾನ.

"ಹೂಂ," ಎಂದ ಸ್ವಾಮಿ. ಕೂಗಾಡಿದ್ದಕ್ಕಿಂತ ಈ "ಹೂಂ" ಅವನಿಗೆ ಹೇಸಿಗೆ ಎನಿಸಿತು.

ಸಂಜೆ ಅಂಗಡಿಗೆ ಹೋದಾಗ ನಿಶ್ಚಿತಾ ತನ್ನ ಊಟದ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು. ಸ್ವಾಮಿ ಕೌಂಟರಿನ ಮೇಲೆ ಬಗ್ಗಿ ಅವಳೊಬ್ಬಳಿಗೇ ಕೇಳುವಂತೆ, "ತಪ್ಪು ನಂದೇ ಕಣಮ್ಮ. ವೈರ್ ಉಲ್ಟಾ ಕೊಟ್ಬುಟ್ಟಿದ್ದೆ," ಎಂದ.

ಅವಳು ತಲೆ ಎತ್ತಿದಳು. "ಬೆಳಿಗ್ಗೆ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ರಲ್ಲ ಸರ್. ಇದನ್ಯಾಕೆ ಇಷ್ಟು ಮೆಲ್ಲಗೆ ಹೇಳ್ತಿದೀರ?"

ಗಲ್ಲಾಪೆಟ್ಟಿಗೆಯ ಹತ್ತಿರ ನಾಲ್ಕೈದು ಜನ ಗಿರಾಕಿಗಳಿದ್ದರು. ಅವರಲ್ಲಿ ದಟ್ಟಗಳ್ಳಿಯವರೂ ಇದ್ದರು. ಸ್ವಾಮಿ ಅವರತ್ತ ಒಮ್ಮೆ ನೋಡಿ ನೆಟ್ಟಗೆ ನಿಂತ.

"ಯಜಮಾನ್ರೇ!" ಎಂದು ಕೂಗಿದ. ಎಲ್ಲರೂ ತಿರುಗಿ ನೋಡಿದರು. "ಈ ಹುಡುಗೀದು ಏನೂ ತಪ್ಪಿಲ್ಲ. ಫ್ಯಾನೂ ಸರಿಯಾಗೇ ಇತ್ತು. ನಂಗೇ ಬ್ಯಾಟರಿ ಕೆಲ್ಸ ಗೊತ್ತಿರ್ಲಿಲ್ಲ."

ಚನ್ನಬಸವಯ್ಯನವರು ಗಲ್ಲಾಪೆಟ್ಟಿಗೆಯಿಂದ ಕಣ್ಣು ಕೀಳದೆ, "ನಾಳೆ ಬಾಮ್ಮ," ಎಂದರು. ಅದೂ ಮೆಲ್ಲಗೆ.