ಗೌಂಡಿಗೂ ಸಿಗದ ಸಂದು

ಹ್ಯೂಸ್ಟನ್ನಿನ ಆ ವಿಶ್ವವಿದ್ಯಾಲಯದ ಆರ್ಕಿಟೆಕ್ಚರ್ ಶಾಲೆಯನ್ನು ನಾನು ಮೊದಲು ನೋಡಿದ್ದು ನಾವು ಅಲೆನ್ ಊರಿಗೆ ಮನೆ ಬದಲಿಸಿದ ವರ್ಷ. ಹಳೆಯ ಇಟ್ಟಿಗೆ ಕಟ್ಟಡಕ್ಕೆ ಎಂಬತ್ತರ ದಶಕದಲ್ಲಿ ಒಬ್ಬ ಬ್ರಿಟಿಷ್ ವಾಸ್ತುಶಿಲ್ಪಿ ಹೊಸ ಭಾಗ ಸೇರಿಸಿದ್ದ. ತನ್ನ ದೇಶದಲ್ಲಿ ಕೆಂಪು ಇಟ್ಟಿಗೆ, ಓರೆ ಗಾಜುಗಳ ವಿಚಿತ್ರ ಕಾಲೇಜುಗಳನ್ನು ಕಟ್ಟಿ ಜಗಳ ಎಬ್ಬಿಸಿದವನು. ‘ಹೊಸ ಭಾಗದ ಇಟ್ಟಿಗೆ ಕಡುಗೆಂಪು, ದೂರದಿಂದಲೇ ಬೇರೆ ಕಾಣುತ್ತದೆ’ ಎಂದು ಅಂದು ಡೈರಿಯಲ್ಲಿ ಬರೆದಿದ್ದೆ.

ಮೂರು ವರ್ಷಗಳ ನಂತರ ಆಸ್ಟಿನ್‌ನಲ್ಲಿ ವಾಸ್ತುಶಿಲ್ಪದ ಇತಿಹಾಸ ಓದಲು ಅರ್ಜಿ ಹಾಕುವಾಗ, ಆ ಒಂದು ವಾಕ್ಯದ ಮೇಲೆಯೇ ಅರ್ಜಿಯ ಪ್ರಬಂಧ ಕಟ್ಟಿದೆ. ಕಳಿಸಲು ಸೋಮವಾರ ಕೊನೆಯ ದಿನ. ಶನಿವಾರ ಫೋಟೋ ತೆಗೆಯಲು ಹೊರಟಾಗ ಧಾರವಾಡದಿಂದ ಬಂದಿದ್ದ ಮಾವನವರೂ ಜೊತೆಯಾದರು. ಅವರು ನಲವತ್ತು ವರ್ಷ ಇಟ್ಟಿಗೆ ಕಟ್ಟಿದ ಗೌಂಡಿ.

ಗೋಡೆಯ ಮುಂದೆ ನಿಂತು ಅವರು ಕೇಳಿದರು, “ಎಲ್ಲೈತವಾ ನಿನ್ನ ಕಡುಗೆಂಪು?”

“ಇಲ್ಲೇ ಇತ್ತು ಮಾವ.”

“ಇತ್ತಂದ್ರ? ಮಳಿಗೆ ತೊಳದ ಹೋತೇನು?”

ಇಡೀ ಗೋಡೆ ಒಂದೇ ಬಣ್ಣ. ನಾನು ಅಂದು ನೋಡಿದ್ದು ಸಂಜೆಯ ಬಿಸಿಲನ್ನೋ, ಆ ವಾಸ್ತುಶಿಲ್ಪಿಯ ಬಗ್ಗೆ ಓದಿದ್ದನ್ನೋ, ಇಂದಿಗೂ ಹೇಳಲಾರೆ.

“ತಡಿ, ಹೊಸಾದು ಜೋಡಿಸಿದ ಸಂದು ನಾ ಹಿಡೀತೀನಿ. ಎಂಥಾ ಗೌಂಡಿನೂ ಎಲ್ಲರೆ ಒಂದ ಕಡೆ ಸಿಗತಾನ.”

ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಇಟ್ಟಿಗೆಗಳ ನಡುವಿನ ಗಾರೆಯಲ್ಲಿ ಎಳೆಯುತ್ತಾ ಅವರು ಆ ತುದಿಯವರೆಗೆ ಹೋದರು, ಮತ್ತೆ ಬಂದರು. ಒಳಗಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಏನೆಂದು ವಿಚಾರಿಸಿ, ನಗುತ್ತಾ ಹೊಸ ಗೋಡೆ ಹಳೆಯದಕ್ಕೆ ಸೇರುವ ಜಾಗ ತೋರಿಸಿದಳು. ಅವರ ಉಗುರು ಅದನ್ನು ಎರಡು ಸಲ ದಾಟಿತ್ತು.

“ಎಲಾ ಇವನ! ಹೆಜ್ಜಿ ಬಿಡದ ಕಳ್ಳ ಅದಾನ ಇವಾ,” ಎಂದು ಅಲ್ಲಿಗೆ ಅಂಗೈಯಿಟ್ಟರು.

ಒಳಗೆ, ಮಾಡಿನ ಮೇಲಿನ ಗಾಜಿನ ಶಂಕುವಿನಿಂದ ಬೆಳಕು ಇಳಿಯುತ್ತಿತ್ತು. ಆ ವಾಸ್ತುಶಿಲ್ಪಿ ತನ್ನ ಹಟವನ್ನೆಲ್ಲ ಹೊರಗೆ ಅಡಗಿಸಿ ಇಲ್ಲಿ ಮಾತ್ರ ಬಾಯಿಬಿಟ್ಟಿದ್ದ. ಇಬ್ಬರೂ ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿದೆವು. ಮೊದಲ ಸಲ ಇದನ್ನು ಹೇಗೆ ನೋಡದೆ ಹೋದೆ?

ಕಾರಿನಲ್ಲಿ ಲ್ಯಾಪ್‌ಟಾಪ್ ತೆರೆದು ಪ್ರಬಂಧವನ್ನೆಲ್ಲ ಅಳಿಸಿದೆ. ಇಲ್ಲದ ಬಣ್ಣವನ್ನು ಕಂಡೆನೆಂದು ಬರೆದುಕೊಂಡಿದ್ದೆ ಎಂಬಲ್ಲಿಂದ ಮತ್ತೆ ಶುರುಮಾಡಿ, ಬರೆದದ್ದನ್ನು ಮಾವನವರಿಗೆ ಕನ್ನಡದಲ್ಲಿ ಹೇಳಿದೆ.

“ನಾ ತಪ್ಪಿದ್ದೂ ಹಾಕು,” ಎಂದರು. “ನೀ ಒಬ್ಬಾಕಿನ ತಪ್ಪಿದಿ ಅಂದ್ರ ಅವನ ಕೆಲಸ ಎಂಥಾದ್ದಂತ ಓದಾವ್ರಿಗೆ ಹ್ಯಾಂಗ ತಿಳೀತೈತಿ?”

ಹಾಕಿದೆ. ಸೋಮವಾರ ಕಳಿಸಿದ್ದು ಅದನ್ನೇ.