ಅವರು ಕುಡಿದಿರಲಿಲ್ಲ

ಕೈ ನಡುಗಲು ಶುರುವಾದಾಗ ನಾನು ರೊಟ್ಟಿ ಬಡಿಯುತ್ತಿದ್ದೆ.

ಸೋಮವಾರ. ನನ್ನ ಉಪವಾಸದ ದಿನ. ರೊಟ್ಟಿ ಮನೆಯವರಿಗೆ. ಎಂಟು ಬಡಿದಿದ್ದೆ, ಒಂಬತ್ತನೆಯದು ಅಂಗೈ ಕೆಳಗೇ ಹರಿಯಿತು. ಹಣೆಯ ಬೆವರು ಹಿಟ್ಟಿನ ಮೇಲೆ ಹನಿಯಿತು. ಒಲೆಯ ಕಾವು ಅಂದುಕೊಂಡೆ. ಮೊಮ್ಮಗಳು ಭೂಮಿಕಾ ಹೊಸ್ತಿಲಲ್ಲಿ ನಿಂತು ಏನೋ ಕೇಳಿದಳು. ಉತ್ತರ ಕೊಡಲು ಹೋದರೆ ನಾಲಿಗೆ ಹೊರಳಲಿಲ್ಲ.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಮಗು ಕಟ್ಟೆಯ ಕಡೆ ಕೂಗುತ್ತ ಓಡಿದ್ದು. ಯಜಮಾನರು ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದ್ದು. ಬಾಯಲ್ಲಿ ಸಕ್ಕರೆ. ತುಟಿ, ಗದ್ದ, ಸೀರೆ ಎಲ್ಲ ಸಕ್ಕರೆ.

ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷ. ಮಾತ್ರೆ ಸಾಲದೆಂದು ಅದರ ಹಿಂದಿನ ತಿಂಗಳಷ್ಟೇ ಇನ್ಸುಲಿನ್ ಬರೆದುಕೊಟ್ಟಿದ್ದರು. ಬೆಳಿಗ್ಗೆ ಸೂಜಿ ತಪ್ಪಿಸಬಾರದು ಎಂದಿದ್ದರು, ತಪ್ಪಿಸಿರಲಿಲ್ಲ. ಸೋಮವಾರವನ್ನೂ ತಪ್ಪಿಸಿರಲಿಲ್ಲ. ಎರಡೂ ಕೂಡಿದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಉಪವಾಸ ಮಾಡುತ್ತೇನೆಂದು ಡಾಕ್ಟರ್ ಮುಂದೆ ಹೇಳಿಯೂ ಇರಲಿಲ್ಲ.

"ಅಕ್ಕಾರ, ಸೂಜಿ ಮಾಡ್ಕೊಂಡು ಉಪಾಸ ಇದ್ರೇನ್ರಿ?" ವಿಜಯಪುರದ ಡಾಕ್ಟರ್ ಪೆನ್ನು ಕೆಳಗಿಟ್ಟರು. "ಇದು ಲೋ ಶುಗರ್. ಹೆಚ್ಚಿಗಿ ಆದದ್ದಕ್ಕಿಂತ ಇದು ಲಗೂನ ಹೊಡೀತದ."

"ಮದವಿ ಆದಾಗಿಂದ ನಡಕೋತ ಬಂದದ್ದರಿ. ಬಿಡೂದು ಹೆಂಗ್ರಿ?"

"ಉಪಾಸ ಬಿಡ್ರಿ, ಇಲ್ಲಾ ನಮ್ಮನ್ನ ಬಿಡ್ರಿ," ಅಂದರು. ಆಮೇಲೆ ನನ್ನ ಪಕ್ಕ ನಿಂತಿದ್ದ ಭೂಮಿಕಾಳ ಕಡೆ ತಿರುಗಿದರು. "ಆಯಿ ಬೆವತು, ಕೈ ನಡುಗಿ, ಮಾತು ತೊದಲಿದ್ರ ನೀ ಏನ್ ಮಾಡ್ತಿ?"

"ಮುತ್ಯಾನ್ನ ಕರೀತೇನಿ."

"ಅದಕ್ಕೂ ಮೊದಲ ಏನರೆ ಸಿಹಿ ಬಾಯಿಗೆ ಹಾಕು. ಎಚ್ಚರ ಇದ್ರ ಅಷ್ಟಽ, ನುಂಗಾಕ ಬರಬೇಕು. ತಿಳೀತಿಲ್ಲೋ?"

ಅವಳಿಗೆ ತಿಳಿಯಿತು. ಬಬಲೇಶ್ವರದಲ್ಲಿರುವ ಹಿರಿಮಗಳ ಮಗು ಅವಳು, ಎರಡನೆಯ ಇಯತ್ತೆ, ತಿಕೋಟಾದ ನಮ್ಮ ಮನೆಯಲ್ಲಿದ್ದು ಸಾಲಿಗೆ ಹೋಗುತ್ತಾಳೆ. ನಮ್ಮೂರಲ್ಲಿ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಬರವಿಲ್ಲ. ಅವತ್ತಿನಿಂದ ಒಂದು ಹಿಡಿ ಮಣೂಕ ಪೊಟ್ಟಣ ಕಟ್ಟಿ ಫ್ರಾಕಿನ ಕಿಸೆಯಲ್ಲಿಟ್ಟುಕೊಂಡೇ ತಿರುಗತೊಡಗಿದಳು.

ನಾನು ಅವಳಿಗೆ ಕಲಿಸಿದ್ದು ಬೇರೆ. "ಯಾರ ಮುಂದೂ ಹೇಳಬ್ಯಾಡ ಮತ್ತ."

ಕಿರಿಮಗಳು ಶೈಲಾಳಿಗೆ ಘೋಣಸಗಿಯ ಸಂಬಂಧ ಹತ್ತಿರ ಬಂದಿತ್ತು. ತಾಯಿಗೆ ಸೂಜಿ ನಡೆದಿದೆ ಎಂದರೆ ನಾಳೆ ಮಗಳಿಗೂ ಬರುತ್ತದೆ ಎನ್ನುವವರು ಇದ್ದೇ ಇರುತ್ತಾರೆ. ಹುಡುಗನ ಕಡೆಯವರು ಹೆಣ್ಣು ನೋಡಲು ಬಂದ ದಿನ ಇನ್ಸುಲಿನ್ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಮೊಸರಿನ ಗಡಿಗೆಯ ಹಿಂದೆ ಇಟ್ಟೆ. ಅವರ ಜೊತೆ ನಾನೂ ಒಂದು ಪೇಢಾ ತಿಂದೆ. ನಗುತ್ತಲೇ ತಿಂದೆ.

ಮತ್ತೆ ರಕ್ತಪರೀಕ್ಷೆ ಇದ್ದದ್ದು ಮುಂದಿನ ತಿಂಗಳು. ಸಾಲಿಗೆ ರಜೆ, ಭೂಮಿಕಾ ಬೆನ್ನು ಹತ್ತಿ ಬಂದಳು. ಖಾಲಿ ಹೊಟ್ಟೆಯ ರಕ್ತ ಕೊಟ್ಟು, ಸೂಜಿ ಮಾಡಿಕೊಂಡು, ಕಟ್ಟಿಕೊಂಡು ಹೋಗಿದ್ದ ರೊಟ್ಟಿ ತಿಂದು, ತಿಕೋಟಾ ಬಸ್ಸಿಗೆ ವಿಜಯಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಅಲ್ಲಿ ಸಿಕ್ಕವರು ಗೌರವ್ವ, ಘೋಣಸಗಿಯ ಹುಡುಗನ ಸೋದರತ್ತೆ.

"ಏನ್ರೀ ಬೀಗರ, ಸೀರಿ ಖರೀದಿ ಈಗಽ ಶುರು ಮಾಡೀರೇನು? ಹುಡುಗಗ ಒಂದು ಮಾತು ಕೇಳಬೇಕಿಲ್ಲೋ?"

"ಇಲ್ರಿ, ಈಕಿಗಿ ಸಾಲಿ ಚೀಲ ತಗೋಬೇಕಿತ್ರಿ," ಅಂದೆ. ರಿಪೋರ್ಟಿನ ಕವರು ಸೆರಗಿನ ಕೆಳಗೆ ಸರಿಸಿದೆ. ಭೂಮಿಕಾ ನನ್ನ ಮುಖ ನೋಡಿದಳು.

ನಮ್ಮೆದುರಿನ ಕಂಬಕ್ಕೆ ಒರಗಿ ಒಬ್ಬ ಹಿರಿಯರು ನೆಲದ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ. ಅಂಗಿ ಬೆನ್ನಿಗೆ ಅಂಟಿತ್ತು. ಕೈಚೀಲ ಎತ್ತಲು ಹೋದರು, ಬೆರಳಿಗೆ ಸಿಗಲಿಲ್ಲ. ಇನ್ನೊಮ್ಮೆ ಹೋದರು. ಏನೋ ತೊದಲಿದರು.

"ಮುತ್ಯಾಂದು ಮುಂಜಾನಿಽ ಶುರು ಆಗೇತಿ ನೋಡ್ರಿ," ಎಂದೊಬ್ಬ ಹುಡುಗ ನಗುತ್ತ ದಾಟಿಹೋದ.

"ವಯಸ್ಸಿಗರೆ ನಾಚಿಕಿ ಬ್ಯಾಡೇನ್ರಿ?" ಅಂದರು ಗೌರವ್ವ.

ನನಗೆ ಗೊತ್ತಾಯಿತು.

ನೋಡಿದ ಕೂಡಲೇ ಗೊತ್ತಾಯಿತು. ಆ ಬೆವರು ನನ್ನದೇ. ಆ ನಾಲಿಗೆ ನನ್ನದೇ. ಎದ್ದು ಹೋಗಿ ಇವರಿಗೆ ಶುಗರ್ ಇಳಿದಿದೆ ಎಂದರೆ, ನಿಮಗೆ ಹೆಂಗ ಗೊತ್ತ್ರಿ ಎಂದು ಗೌರವ್ವ ಕೇಳುತ್ತಾರೆ. ಯಾರಾದರೂ ಬಂದಾರು, ಪೊಲೀಸರಾದರೂ ನೋಡಿಯಾರು ಎಂದುಕೊಂಡೆ. ನಾನು ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಗೌರವ್ವ ಅಷ್ಟರಲ್ಲಿ ಮಂಗಲ ಕಾರ್ಯಾಲಯದ ಮಾತು ಮುಗಿಸಿ ಅಡುಗೆಯವರ ಮಾತಿಗೆ ಬಂದಿದ್ದರು.

ಭೂಮಿಕಾ ನನ್ನ ಸೆರಗು ಜಗ್ಗಿದಳು. "ಆಯಿ, ಆ ಮುತ್ಯಾ..."

"ಅತ್ಲಾಗ ನೋಡಬ್ಯಾಡ. ಕುಡದಾನ ಅಂವ."

ನಾನೇ ಅಂದದ್ದು. 'ಅಂವ' ಅಂದೆ. ಅವರು ನನಗಿಂತ ಹದಿನೈದು ವರ್ಷಕ್ಕಾದರೂ ಹಿರಿಯರಿದ್ದರು.

ಅವಳು ನಾನು ಹಿಡಿದ ಕೈ ಬಿಡಿಸಿಕೊಂಡಳು. ಹೋಗಿ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಹಲ್ಲಿನಿಂದ ಪೊಟ್ಟಣದ ದಾರ ಕಿತ್ತಳು.

"ಮುತ್ಯಾ, ಬಾಯಿ ತಗೀರಿ. ಅಗೀರಿ ಇದನ್ನ. ನುಂಗಾಕ ಬರ್ತದಿಲ್ರಿ?" ಅವರು ಬಾಯಿ ತೆರೆದರು. ಅವಳು ತಿರುಗಿ, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದಳು. "ಆಯಿ, ನಿನಗ ಆಗಿತ್ತಲ್ಲ, ಹಂಗಽ ಆಗೇತಿ! ಲಗೂನ ಬಾ, ಸೂಜಿ ಮಾಡ್ಕೊಂಡು ಉಂಡಿಲ್ಲೇನಂತ ಕೇಳ!"

ಗೌರವ್ವನ ಮಾತು ಅರ್ಧಕ್ಕೆ ನಿಂತಿತು.

ಆಗ ಎದ್ದೆ. ಮುಚ್ಚಿಡುವುದು ಏನೂ ಉಳಿಯದಾದ ಮೇಲೆ ಎದ್ದೆ. ಚಹಾದಂಗಡಿಗೆ ಓಡಿ ಸಕ್ಕರೆ ನೀರು ಮಾಡಿಸಿಕೊಂಡು ಬಂದೆ, ಗುಟುಕು ಗುಟುಕಾಗಿ ಕುಡಿಸಿದೆ. ಸುಮಾರು ಕಾಲು ತಾಸಿಗೆ ಅವರ ಕಣ್ಣು ನೆಲೆಗೆ ಬಂತು.

ಅರಕೇರಿಯವರು, ಗಾದಿ ಹೊಲಿಯುವ ಕೆಲಸ. ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು, ಅವರು ಎಂದಿನಂತೆ ಮನೆಯಲ್ಲೇ ಸೂಜಿ ಮಾಡಿಕೊಂಡು ಬಂದಿದ್ದರು. ಹೊರಗಿನದು ತಿನ್ನಬಾರದು, ಮನೆಗೆ ಹೋಗಿ ರೊಟ್ಟಿ ತಿಂದರಾಯಿತು ಎಂದು ಬಸ್ಸಿಗೆ ಕೂತಿದ್ದರು. ನನ್ನ ಸೋಮವಾರಕ್ಕೂ ಇದಕ್ಕೂ ಏನು ವ್ಯತ್ಯಾಸ? ಪುನಃ ಆಸ್ಪತ್ರೆಗೆ ತೋರಿಸಿಕೊಂಡೇ ಹೋಗಿರೆಂದೆ. ಅವರ ಮಗನಿಗೆ ಫೋನ್ ಹಚ್ಚಿಕೊಟ್ಟೆ. ಅವನು ಬರುವ ತನಕ ಕೂತೆವು.

ಹೋಗುವಾಗ ಅವರು ಭೂಮಿಕಾಳ ತಲೆ ಮೇಲೆ ಕೈಯಿಟ್ಟು ನನ್ನತ್ತ ನೋಡಿದರು.

"ಅವ್ವಾರ, ಕೂಸಿಗಿ ಛೊಲೊ ಕಲಿಸೀರಿ."

ಮುಖಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗೌರವ್ವ "ಹೌದೇನ್ರಿ, ನಿಮಗೂ ಐತೇನ್ರಿ," ಎಂದಷ್ಟೇ ಕೇಳಿ ತಮ್ಮ ಬಸ್ಸು ಹತ್ತಿದ್ದರು. ಇದಾಗಿ ಒಂಬತ್ತು ದಿನ. ಘೋಣಸಗಿಯಿಂದ ಮಾತು ಬಂದಿಲ್ಲ. ಶೈಲಾಳಿಗೆ ಎಲ್ಲ ಹೇಳಿದೆ, ಸುಮ್ಮನೆ ಕೂತದ್ದನ್ನೂ. ಅವಳು ಬಟ್ಟೆ ಮಡಚುತ್ತಲೇ ಕೇಳಿದಳು, "ನೀ ಒಲಿ ಮುಂದ ಹಂಗಽ ಹೋಗಿಬಿಟ್ಟಿದ್ರ ಆ ಮದವಿ ತಗೊಂಡು ನಾ ಏನ್ ಮಾಡಬೇಕಿತ್ತವ್ವಾ?" ಅವರ ಮಾತು ಬರದಿದ್ದರೆ ಬರದಿರಲಿ ಎಂದು ಅವಳಿಗೆ ಹೇಳುವಷ್ಟು ಧೈರ್ಯ ನನಗಿನ್ನೂ ಬಂದಿಲ್ಲ. ಆದರೆ ಮನೆಗೆ ಬಂದವರು ಪೇಢಾ ಕೊಟ್ಟರೆ ಈಗ ಕಾರಣ ಹೇಳಿಯೇ ಬೇಡ ಎನ್ನುತ್ತೇನೆ. ಇಷ್ಟು ಸುಲಭವಿತ್ತೇ ಎನಿಸುತ್ತದೆ.

ಬಸ್ಸಿನ ಮಾತೊಂದು ಉಳಿಯಿತು. ಅವತ್ತು ಊರು ದಾಟುವ ತನಕ ಭೂಮಿಕಾ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಕೇಳಿದಳು.

"ಆಯಿ, ಮುತ್ಯಾ ಕುಡದಿರಲಿಲ್ಲ. ನಿನಗ ಗೊತ್ತಾಗ್ಲಿಲ್ಲೇನ?"

ಗೊತ್ತಾಗಲಿಲ್ಲ ಎಂದಿದ್ದರೆ ನಂಬುತ್ತಿದ್ದಳು.

"ಗೊತ್ತಾಗಿತ್ತು," ಅಂದೆ.

"ಮತ್ತ?"

"ಅಂಜಿಕಿ ಬಂತವ್ವಾ."

ಬೈಯುತ್ತಾಳೆಂದುಕೊಂಡೆ. ಅವಳು ತನ್ನ ಅಂಗೈ ಬಿಡಿಸಿ ನೋಡಿಕೊಂಡಳು.

"ಮುತ್ಯಾಗೂ ಅಂಜಿಕಿ ಬಂದಿತ್ತು, ಆಯಿ. ನನ್ನ ಕೈ ಬಿಡಲಽ ಇಲ್ಲ." ಆ ಕೈಯನ್ನು ನನ್ನ ಮಡಿಲಲ್ಲಿಟ್ಟಳು.

ತಿಕೋಟಾ ಬರುವ ತನಕ ನಾನು ಅದನ್ನು ಹಿಡಿದುಕೊಂಡೇ ಕೂತೆ.